ಯಾವ ಅರ್ಧ?

ಕಳೆದ ತಿಂಗಳ ಯುವಜನರ ಕೂಟದಲ್ಲಿ ನಾನು ಸಮಯಪಾಲನೆಯ ಬಗ್ಗೆ ಮಾತಾಡಬೇಕಿತ್ತು. ಸಭಾಂಗಣದಲ್ಲಿ ಕರೆಂಟು ಇತ್ತು, ಪ್ರೊಜೆಕ್ಟರ್ ಇತ್ತು, ಫಾದರ್ ಊರಲ್ಲಿರಲಿಲ್ಲ. ಹುಡುಗರ ಒತ್ತಾಯಕ್ಕೆ ಮಣಿದು ‘ಅವೆಂಜರ್ಸ್: ಇನ್ಫಿನಿಟಿ ವಾರ್’ ಹಾಕಿದೆವು. (ಫಾದರ್, ಇದನ್ನು ನೀವು ಇಲ್ಲಿಯೇ ಮೊದಲು ಓದುತ್ತಿದ್ದರೆ ಕ್ಷಮಿಸಿ.) ತಮಿಳು ಡಬ್ಬಿಂಗ್. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಆಡುವ ನಮ್ಮ ಮಕ್ಕಳಿಗೆ ಅದೇನೂ ತೊಡಕಲ್ಲ. ಮುಂದಿನ ಭಾಗವಾದ ‘ಎಂಡ್‌ಗೇಮ್’ ತಮಿಳಿನಲ್ಲಿ ಬಂದಾಗ ಐರನ್ ಮ್ಯಾನ್‌ಗೆ ವಿಜಯ್ ಸೇತುಪತಿ ದನಿ ಕೊಟ್ಟದ್ದು ಸರಿಯೋ ತಪ್ಪೋ ಎಂಬ ಜಗಳ ಮಾತ್ರ ಅರ್ಧ ಗಂಟೆ ನಡೆಯಿತು.

ನಾನು ಹೇಳಹೊರಟಿರುವುದು ಅದಾದ ಮೇಲೆ ಎದ್ದ ಜಗಳದ ಬಗ್ಗೆ. ಪದವಿ ಕಾಲೇಜಿನ ಒಬ್ಬ ಹುಡುಗ ಎದ್ದು, “ಏನೇ ಹೇಳಿ, ಥಾನೋಸ್ ಹೇಳಿದ್ದರಲ್ಲಿ ತಪ್ಪೇನಿದೆ?” ಎಂದ. ನಾಲ್ಕೈದು ಜನ ಚಪ್ಪಾಳೆ ತಟ್ಟಿದರು.

ಚಿತ್ರ ನೋಡದ ಹಿರಿಯರಿಗಾಗಿ ಎರಡು ಮಾತು. ಥಾನೋಸ್ ಈ ಚಿತ್ರದ ಖಳ. ಅವನ ಗ್ರಹದಲ್ಲಿ ಜನ ಹೆಚ್ಚಾಗಿ ಅನ್ನ-ನೀರು ಸಾಲದೆ ಬಂತು. ಬಡವ-ಬಲ್ಲಿದ ಎಂದು ನೋಡದೆ, ಚೀಟಿ ಎತ್ತಿದ ಹಾಗೆ ಅರ್ಧ ಜನರನ್ನು ಕೊಂದರೆ ಉಳಿದರ್ಧ ಸುಖವಾಗಿರುತ್ತದೆ ಎಂದು ಅವನು ಸಲಹೆ ಕೊಟ್ಟ. ಹುಚ್ಚನೆಂದು ತಳ್ಳಿದರು. ಗ್ರಹ ಹಾಳಾಯಿತು. ಈಗ ಅವನು ಆರು ಮಣಿಗಳನ್ನು ಕೂಡಿಸಿ, ಒಂದು ಚಿಟಿಕೆಯಲ್ಲಿ ಇಡೀ ವಿಶ್ವದ ಅರ್ಧ ಜೀವಗಳನ್ನು ಧೂಳು ಮಾಡಲು ಹೊರಟಿದ್ದಾನೆ.

ಕಾಮಿಕ್ಸ್ ಓದಿದವರಿಗೆ ಗೊತ್ತು, ಮೂಲದ ಥಾನೋಸ್ ಹೀಗಿರಲಿಲ್ಲ. ಜಿಮ್ ಸ್ಟಾರ್ಲಿನ್ 1973ರಲ್ಲಿ ಸೃಷ್ಟಿಸಿದ ಪಾತ್ರ ಅದು. 1991ರ ‘ಇನ್ಫಿನಿಟಿ ಗಾಂಟ್ಲೆಟ್’ ಮಾಲಿಕೆಯಲ್ಲೂ ಅವನು ಅರ್ಧ ವಿಶ್ವವನ್ನು ಕೊಲ್ಲುತ್ತಾನೆ. ಆದರೆ ಕಾರಣ ಜನಸಂಖ್ಯೆಯಲ್ಲ, ಪ್ರೇಮ. ಅಲ್ಲಿ ಮೃತ್ಯುವೇ ಒಬ್ಬ ಹೆಣ್ಣು. ಅವಳ ಮನ ಗೆಲ್ಲಲು ಅವನು ಕೊಡುವ ಕಾಣಿಕೆ ಅಷ್ಟು ಜೀವಗಳು. ಸಿನಿಮಾದವರು ಆ ಮೃತ್ಯುವನ್ನು ತೆಗೆದುಹಾಕಿ ಅವನಿಗೆ ಒಂದು ವಾದ ಕೊಟ್ಟರು, ಜೊತೆಗೆ ಕಣ್ಣೀರು ಕೊಟ್ಟರು. ಯಾವ ಥಾನೋಸ್ ಒಳ್ಳೆಯ ಪಾತ್ರ ಎಂದು ಅಭಿಮಾನಿಗಳು ಇಂದಿಗೂ ಕಿತ್ತಾಡುತ್ತಾರೆ. ನನ್ನನ್ನು ಕೇಳಿದರೆ ಸಿನಿಮಾದವನೇ. ಹೆಣ್ಣಿಗಾಗಿ ಲೋಕ ಸುಡುವ ಖಳರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಇವನು ನೋವಿನಿಂದ ಮಾತಾಡುತ್ತಾನೆ, ಮೆಲ್ಲಗೆ ಮಾತಾಡುತ್ತಾನೆ. ಕೊನೆಗೆ ಕೆಲಸ ಮುಗಿಸಿದ ರೈತನ ಹಾಗೆ ಕೂತು ಸೂರ್ಯನನ್ನು ನೋಡುತ್ತಾನೆ. ಸಾಮಾನ್ಯವಾಗಿ ನಾಯಕ ಮರಳಿ ಬರುತ್ತಾನೆಂದು ಸೂಚಿಸುವ ಜಾಗದಲ್ಲಿ, ಈ ಚಿತ್ರದ ಕೊನೆಗೆ ಥಾನೋಸ್ ಮರಳಿ ಬರುತ್ತಾನೆ ಎಂದು ಹಾಕಿದ್ದಾರೆ.

ಕಾಮಿಕ್ಸ್ ಓದಿ ‘ಥಾನೋಸ್ ಸರಿ’ ಎಂದವರನ್ನು ನಾನು ಕಂಡಿಲ್ಲ. ಸಿನಿಮಾ ನೋಡಿ ಅಂದವರು ಬಹಳ. ಪಾಪ ಅದೇ, ಲೆಕ್ಕ ಅದೇ, ಸತ್ತವರ ಸಂಖ್ಯೆಯೂ ಅದೇ. ಬದಲಾದದ್ದು ಕಾರಣವೊಂದೇ.

ಮೊದಲು ನಾನು ಓದಿದ ವಿಜ್ಞಾನದಿಂದಲೇ ಉತ್ತರ ಕೊಡಲು ಹೋದೆ. ಬಿಎಸ್ಸಿಯಲ್ಲಿ ಸೂಕ್ಷ್ಮಾಣುಜೀವಿಗಳ ಬೆಳವಣಿಗೆಯನ್ನು ಎಣಿಸಿದ್ದೇವೆ. ಒಳ್ಳೆಯ ಆಹಾರ, ಬೆಚ್ಚಗಿನ ಜಾಗ ಸಿಕ್ಕರೆ ಇ. ಕೋಲೈ ಬ್ಯಾಕ್ಟೀರಿಯ ಸುಮಾರು 20 ನಿಮಿಷಕ್ಕೆ ಎರಡರಷ್ಟಾಗುತ್ತದೆ. ಅರ್ಧವನ್ನು ಕೊಂದರೆ ಏನು ಸಿಕ್ಕಿತು? 20 ನಿಮಿಷ. ಮನುಷ್ಯರಿಗೂ ಅದೇ ಲೆಕ್ಕ ಹಾಕಿ ನೋಡಿ. ಆ ಚಿತ್ರ ಬಂದ 2018ರಲ್ಲಿ ಲೋಕದ ಜನಸಂಖ್ಯೆ ಸುಮಾರು 760 ಕೋಟಿ. ಅರ್ಧವೆಂದರೆ 380 ಕೋಟಿ. ಲೋಕದಲ್ಲಿ ಅಷ್ಟು ಜನ ಇದ್ದದ್ದು 1970ರ ದಶಕದ ಆರಂಭದಲ್ಲಿ, ನಮ್ಮಜ್ಜಿ ಮದುವೆಯಾಗಿ ಈ ಊರಿಗೆ ಬಂದ ಕಾಲದಲ್ಲಿ. ಆಗ ಲೋಕದಲ್ಲಿ ಹಸಿವಿರಲಿಲ್ಲವೇ ಎಂದು ಅಜ್ಜಿಯನ್ನು ಕೇಳಿದರೆ ಅವರು ರಾಗಿ ಅಂಬಲಿಯ ಕತೆ ಶುರುಮಾಡುತ್ತಾರೆ.

ಈ ವಾದ ಥಾನೋಸನಿಗಿಂತ ಹಳೆಯದು. ಆಹಾರಕ್ಕಿಂತ ಜನ ಬೇಗ ಬೆಳೆಯುತ್ತಾರೆಂದು ಮಾಲ್ತಸ್ 1798ರಲ್ಲೇ ಬರೆದ. (ಅವನು ಕೊಲ್ಲಿ ಎನ್ನಲಿಲ್ಲ, ಅಷ್ಟು ನ್ಯಾಯ ಅವನಿಗೆ ಸಲ್ಲಬೇಕು.) 1968ರಲ್ಲಿ ಅಮೆರಿಕದ ಪಾಲ್ ಎರ್ಲಿಕ್ ‘ಪಾಪ್ಯುಲೇಷನ್ ಬಾಂಬ್’ ಎಂಬ ಪುಸ್ತಕ ಬರೆದಾಗ, ಭಯದ ಚಿತ್ರ ಕೊಡಲು ಅವನು ಆರಿಸಿಕೊಂಡದ್ದು ದೆಹಲಿಯ ಒಂದು ಬೀದಿ. ಎಂಟು ವರ್ಷಗಳ ನಂತರ, ತುರ್ತುಪರಿಸ್ಥಿತಿಯಲ್ಲಿ, 1976–77ರ ಒಂದೇ ವರ್ಷ ನಮ್ಮ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಎಷ್ಟೋ ಕಡೆ ಬಲವಂತದಿಂದ. ಅಲ್ಲಿ ಚೀಟಿ ಎತ್ತಲಿಲ್ಲ. ಸಿಕ್ಕಿಬಿದ್ದವರು ಬಹುಪಾಲು ಬಡವರು. ಆದರೆ ನಾವಿರುವ ಇದೇ ತಮಿಳುನಾಡಿನಲ್ಲಿ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಬ್ಬ ತಾಯಿಗೆ ಸರಾಸರಿ 1.8 ಮಕ್ಕಳು, ಅಂದರೆ ಜನಸಂಖ್ಯೆ ಇದ್ದಷ್ಟೇ ಉಳಿಯಲು ಬೇಕಾದದ್ದಕ್ಕಿಂತ ಕಡಿಮೆ. ಹೆಣ್ಣುಮಕ್ಕಳು ಶಾಲೆಗೆ ಹೋದರು, ಹುಟ್ಟಿದ ಮಗು ಬದುಕಿ ಉಳಿಯುತ್ತದೆಂಬ ಧೈರ್ಯ ತಾಯಂದಿರಿಗೆ ಬಂತು. ಚಿಟಿಕೆ ಬೇಕಾಗಲಿಲ್ಲ.

ಇಷ್ಟು ಹೇಳಿ ಗೆದ್ದೆನೆಂದು ಬೀಗುತ್ತಿದ್ದೆ. ಆಗ ಹನ್ನೊಂದನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಅಣ್ಣ, ಹಾಗಾದ್ರೆ ಲೆಕ್ಕ ಸರಿ ಬಂದಿದ್ರೆ ಕೊಲ್ಲಬಹುದಿತ್ತಾ?”

ಪ್ರಶ್ನೆ ಇರುವುದೇ ಅಲ್ಲಿ. ನಾನು ಅಷ್ಟು ಹೊತ್ತು ತಪ್ಪಿಸಿಕೊಂಡಿದ್ದೆ. ಲೆಕ್ಕ ತಪ್ಪೆಂದು ತೋರಿಸುವವನು, ಲೆಕ್ಕ ಸರಿಯಾದ ದಿನ ಒಪ್ಪಿಕೊಳ್ಳಬೇಕಾಗುತ್ತದೆ.

ಅವಳಿಗೆ ಉತ್ತರ ಹೊಳೆಯದೆ ನಿಂತಿದ್ದಾಗ ಹಿಂದಿನ ಬೆಂಚಿನಿಂದ ಇನ್ನೊಬ್ಬಳು ಮಾತಾಡಿದಳು. ನಮ್ಮ ಗಾಯನವೃಂದದವಳು. ಅವಳ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. 2020ರ ಏಪ್ರಿಲ್, ಮೊದಲ ಲಾಕ್‌ಡೌನ್. ಗಾಳಿ ತಿಳಿಯಾಗಿ ಜಲಂಧರದಿಂದ ಧೌಲಾಧಾರ್ ಬೆಟ್ಟಗಳು ಕಾಣಿಸಿದವೆಂದು ಎಲ್ಲರ ಫೋನಿನಲ್ಲೂ ಚಿತ್ರ ಓಡಾಡುತ್ತಿತ್ತು. ನಾನಾಗ ಕಾಲೇಜಿನಲ್ಲಿದ್ದೆ. ಆ ಚಿತ್ರ ಹಾಕಿ, ಕೆಳಗೆ ‘ಥಾನೋಸ್ ಹೇಳಿದ್ದೇ ಸರಿ’ ಎಂದು ವಾಟ್ಸಾಪ್ ಸ್ಟೇಟಸ್ ಇಟ್ಟಿದ್ದೆ. ನಗುವ ಮುಖದ ಚಿಹ್ನೆಯೂ ಇತ್ತು. 2021ರ ಮೇ ತಿಂಗಳಲ್ಲಿ ಅವಳ ಅಪ್ಪ ತೀರಿಕೊಂಡರು. ಆಮ್ಲಜನಕಕ್ಕಾಗಿ ಎರಡು ದಿನ ಅಲೆದಿದ್ದರು. ಸಮಾಧಿಯ ಹತ್ತಿರ ಹೋಗಲು ಮನೆಯವರನ್ನೇ ಬಿಡಲಿಲ್ಲ. ನಾವು ನಾಲ್ಕು ಜನ ಗೇಟಿನ ಹೊರಗೆ ನಿಂತು ಜಪಸರ ಹೇಳಿದೆವು.

“ನೀವೂ ಆಗ ಸ್ಟೇಟಸ್ ಹಾಕಿದ್ರಿ ಅಣ್ಣ,” ಎಂದಳು. ಕೋಪದಲ್ಲಿ ಹೇಳಲಿಲ್ಲ. “ಇನ್ನೊಂದು ಅರ್ಧದಲ್ಲಿ ಯಾರಿರ್ತಾರೆ ಅಂದ್ಕೊಂಡಿದ್ರಿ?”

ನಿಜ ಹೇಳಬೇಕೆಂದರೆ, ಯಾರೂ ಇರಲಿಲ್ಲ. ನನ್ನ ತಲೆಯಲ್ಲಿ ಆ ಅರ್ಧಕ್ಕೆ ಮುಖವೇ ಇರಲಿಲ್ಲ. ಅವಳ ಅಪ್ಪ ಇರಲಿಲ್ಲ, ನಮ್ಮಜ್ಜಿ ಇರಲಿಲ್ಲ, ನಾನಂತೂ ಇರಲೇ ಇಲ್ಲ. ಉಳಿಯುವ ಅರ್ಧದಲ್ಲಿ ನಿಂತುಕೊಂಡೇ ನಾನು ಬೆಟ್ಟ ನೋಡುತ್ತಿದ್ದೆ. ಚಪ್ಪಾಳೆ ತಟ್ಟಿದ ನಾಲ್ಕೈದು ಜನರೂ ಅಲ್ಲೇ ನಿಂತಿದ್ದರೇನೋ.

ತಪಸ್ಸುಕಾಲದಲ್ಲಿ, ಗರಿಗಳ ಭಾನುವಾರದ ಹಿಂದಿನ ದಿನದ ಬಲಿಪೂಜೆಯಲ್ಲಿ ಸಂತ ಯೊವಾನ್ನರ ಶುಭಸಂದೇಶದ 11ನೇ ಅಧ್ಯಾಯದಿಂದ ಓದುತ್ತಾರೆ. ಸಭೆ ಕೂತಿದೆ, ಎಲ್ಲರಿಗೂ ರೋಮನರ ಭಯ. ಆಗ ಪ್ರಧಾನ ಯಾಜಕ ಕಾಯಫ ಲೆಕ್ಕ ಹೇಳುತ್ತಾನೆ. ಇಡೀ ಜನಾಂಗ ನಾಶವಾಗುವುದಕ್ಕಿಂತ ಒಬ್ಬ ಸಾಯುವುದು ಮೇಲು ಎಂಬುದು ಅದರ ಸಾರ. ಅಂಕಗಣಿತದಲ್ಲಿ ಅವನನ್ನು ಸೋಲಿಸಲಾಗದು. ಥಾನೋಸನದು ಅರ್ಧಕ್ಕೆ ಅರ್ಧ, ಇವನದು ಬರೀ ಒಬ್ಬ. ಆದರೆ ಆ ಒಬ್ಬ ತಾನಾಗಬಹುದು ಎಂದು ಅವನು ಹೇಳಲಿಲ್ಲ. ಆ ವಾಕ್ಯವನ್ನು ಎಷ್ಟು ವರ್ಷದಿಂದ ಕೇಳಿದ್ದೇನೋ. ಅದರಲ್ಲಿ ನನ್ನ ಸ್ಟೇಟಸ್ ಇದೆಯೆಂದು ಹೊಳೆದದ್ದು ಈಗ.

ಹಾಗಾದರೆ ಥಾನೋಸ್ ತಾನೂ ಕಳೆದುಕೊಳ್ಳಲಿಲ್ಲವೇ ಎಂದು ಮೊದಲಿನ ಹುಡುಗ ಬಿಡದೆ ಕೇಳಿದ. ಅವನ ಮಾತಿನಲ್ಲಿ ಹುರುಳಿದೆ. ವೊರ್ಮಿರ್ ಎಂಬಲ್ಲಿ ಆತ್ಮದ ಮಣಿ ಪಡೆಯಲು, ಪ್ರೀತಿಸಿದವರನ್ನೇ ಬಲಿ ಕೊಡಬೇಕು. ಥಾನೋಸ್ ಸಾಕುಮಗಳು ಗಮೋರಾಳನ್ನು ಬೆಟ್ಟದ ತುದಿಯಿಂದ ಎಸೆಯುತ್ತಾನೆ. ಅಳುತ್ತಾ ಎಸೆಯುತ್ತಾನೆ. ಮಣಿ ಸಿಕ್ಕಿತು, ಆದ್ದರಿಂದ ಪ್ರೀತಿ ನಿಜ ಎಂದು ಅಭಿಮಾನಿಗಳ ಒಂದು ಪಂಗಡ ವಾದಿಸುತ್ತದೆ. ಇರಬಹುದು, ಕಣ್ಣೀರೂ ನಿಜವಿರಬಹುದು. ಆದರೆ ಅವನು ಕೊಟ್ಟದ್ದು ಯಾರದು? ಗಮೋರಾಳ ಜೀವ ಗಮೋರಾಳದು. ಅವಳು ಒಲ್ಲೆನೆಂದು ಕೊಸರಾಡುತ್ತಿದ್ದಳು. ನೆರೆಯವನ ಹಸು ದಾನ ಕೊಟ್ಟು ಅತ್ತರೆ ಅದು ದಾನವೇ? ಅಬ್ರಹಾಮನನ್ನು ನೆನಪಿಸಿದವರೂ ಇದ್ದರು. ಆ ಬೆಟ್ಟದಲ್ಲಿ ಎತ್ತಿದ ಕೈಯನ್ನು ತಡೆದ ಧ್ವನಿಯೊಂದಿತ್ತು. ವೊರ್ಮಿರ್‌ನಲ್ಲಿ ಯಾವ ಧ್ವನಿಯೂ ತಡೆಯುವುದಿಲ್ಲ. ಅಲ್ಲಿ ಬಲಿ ಕೊಡದೆ ಮಣಿ ಇಲ್ಲ ಎಂಬುದೇ ನಿಯಮ.

ಇದೇ ಚಿತ್ರದಲ್ಲಿ ವಿಷನ್ ಎಂಬ ಪಾತ್ರ ತನ್ನ ಹಣೆಯಲ್ಲಿರುವ ಮಣಿಯನ್ನು, ಅದರ ಜೊತೆ ತನ್ನನ್ನೂ, ನಾಶಮಾಡಿ ಎಂದು ತಾನಾಗಿ ಬೇಡುತ್ತದೆ. ಕ್ಯಾಪ್ಟನ್ ಅಮೆರಿಕಾ ಒಪ್ಪುವುದಿಲ್ಲ, ಜೀವಗಳ ವ್ಯಾಪಾರ ಮಾಡುವುದಿಲ್ಲ ಎನ್ನುತ್ತಾನೆ. ಆ ಹಟಕ್ಕೆ ವಕಾಂಡದ ಎಷ್ಟೋ ಸೈನಿಕರು ಸಾಯುತ್ತಾರೆ, ಕೊನೆಗೆ ವಿಷನ್ನೂ ಉಳಿಯುವುದಿಲ್ಲ. ಕ್ಯಾಪ್ಟನ್ ಮಾಡಿದ್ದು ತಪ್ಪು ಎಂದರು ಹುಡುಗರು. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಒಬ್ಬನನ್ನು ಬಿಟ್ಟುಕೊಡೆನು ಎಂಬುದಕ್ಕೂ ಬೆಲೆಯಿದೆ, ಅದನ್ನು ಬೇರೆಯವರೂ ತೆರುತ್ತಾರೆ. ಆದರೆ ತಾನೇ ಮುಂದೆ ಬರುವ ವಿಷನ್ನನ್ನೂ, ಎಸೆಯಲ್ಪಟ್ಟ ಗಮೋರಾಳನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನನಗೆ ಆಗುವುದಿಲ್ಲ.

2019ರ ‘ಎಂಡ್‌ಗೇಮ್’ನಲ್ಲಿ ಒಂದು ದೃಶ್ಯವಿದೆ. ಹಳೆಯ ಕಾಲದಿಂದ ಬಂದ ಥಾನೋಸನಿಗೆ, ಉಳಿದ ಅರ್ಧ ಸುಖವಾಗಿಲ್ಲ, ಸತ್ತವರನ್ನು ಮರೆಯಲೊಪ್ಪುತ್ತಿಲ್ಲ ಎಂದು ತಿಳಿಯುತ್ತದೆ. ಲೆಕ್ಕ ತಪ್ಪಿತೆಂದು ಅವನು ನಿಲ್ಲುತ್ತಾನೆಯೇ? ಇಲ್ಲ. ಹಾಗಾದರೆ ಎಲ್ಲರನ್ನೂ ಅಳಿಸಿ, ನೆನಪೇ ಇಲ್ಲದ, ಕೃತಜ್ಞವಾಗಿರುವ ಹೊಸ ವಿಶ್ವ ಮಾಡುತ್ತೇನೆ ಎನ್ನುತ್ತಾನೆ. ಅನ್ನ-ನೀರಿನ ಮಾತು ಅಲ್ಲಿಗೆ ಮುಗಿಯಿತು. ಎರಡನೇ ಭಾಗದಲ್ಲಿ ಪಾತ್ರ ಕೆಟ್ಟಿತು, ಆಳ ಹೋಯಿತು ಎಂದು ಅಭಿಮಾನಿಗಳು ಬೈಯುತ್ತಾರೆ. ನಾನೂ ಬೈದಿದ್ದೆ. ಈಗ ಅನಿಸುತ್ತದೆ, ಪಾತ್ರ ಕೆಡಲಿಲ್ಲ, ಮೊದಲ ಭಾಗದಲ್ಲಿ ನಮಗೆ ಕಾಣದೆ ಇದ್ದದ್ದು ಕಂಡಿತು.

ಕೂಟ ಮುಗಿದು ಕುರ್ಚಿ ಜೋಡಿಸುವಾಗ ಗಾಯನವೃಂದದ ಆ ಹುಡುಗಿಯಲ್ಲಿ ಕ್ಷಮೆ ಕೇಳಿದೆ. “ಅಯ್ಯೋ, ಬಿಡಿ ಅಣ್ಣ,” ಎಂದು ಪ್ರೊಜೆಕ್ಟರಿನ ವೈರು ಸುತ್ತಿಕೊಟ್ಟಳು. ಮೊದಲು ಎದ್ದುನಿಂತ ಹುಡುಗ ಅವಳ ಮನೆಯ ದಾರಿಯವನೇ. ಇಬ್ಬರೂ ಜಗಳವಾಡುತ್ತಲೇ ಹೋದರು.

ಮುಂದಿನ ಕೂಟ ಬರುವ ತಿಂಗಳ ಎರಡನೇ ಭಾನುವಾರ, ಕನ್ನಡ ಬಲಿಪೂಜೆಯಾದ ಮೇಲೆ. 2013ರ ‘ಮ್ಯಾನ್ ಆಫ್ ಸ್ಟೀಲ್’ನಲ್ಲಿ ಸೂಪರ್‌ಮ್ಯಾನ್ ಜಾಡ್‌ನ ಕತ್ತು ಮುರಿದದ್ದು ಸರಿಯೇ ಎಂಬುದು ಹುಡುಗರು ಆರಿಸಿದ ವಿಷಯ. ಎದುರಿಗೆ ಒಂದು ಕುಟುಂಬ ಸಾಯುವುದರಲ್ಲಿತ್ತು, ಬೇರೆ ದಾರಿ ಇರಲಿಲ್ಲ ಎನ್ನುವವರು ಈಗಾಗಲೇ ಒಂದು ಗುಂಪಾಗಿದ್ದಾರೆ. ಸಮಯಪಾಲನೆಯ ತರಗತಿ ಇನ್ನೂ ಬಾಕಿ ಇದೆ. ಈ ಸಲ ಫಾದರ್ ಊರಲ್ಲೇ ಇರುತ್ತಾರೆ.