ಜೊತೆಯಲ್ಲಿ ಕೂರುವ ಋಣ

ಒಂದು ಚಿತ್ರಮಂದಿರ ಮುಚ್ಚಿತೆಂದು ಕೇಳಿದಾಗ ನಾವು ಸಾಮಾನ್ಯವಾಗಿ ಎರಡು ಮಾತು ಆಡುತ್ತೇವೆ. ಕಾಲ ಬದಲಾಯಿತು ಎಂಬುದೊಂದು. ಲಾಭವಿಲ್ಲದೆ ಯಾರು ತಾನೆ ನಡೆಸುತ್ತಾರೆ ಎಂಬುದು ಇನ್ನೊಂದು. ಎರಡೂ ನಿಜವೇ. ಆದರೆ ಎರಡರಲ್ಲಿಯೂ ನಮ್ಮ ಪಾಲಿನ ಸುದ್ದಿ ಇಲ್ಲ. ಟಿಕೆಟು ಕೊಂಡವರು ನಾವು, ಕೊಳ್ಳುವುದನ್ನು ಬಿಟ್ಟವರೂ ನಾವೇ. ಹಾಗಿರುವಾಗ ಚಿತ್ರಮಂದಿರದ ಏಳುಬೀಳಿನಲ್ಲಿ ಪ್ರೇಕ್ಷಕನಿಗೆ ಏನಾದರೂ ಹೊಣೆ ಉಂಟೆ? ಗುರುತು ಪರಿಚಯವಿಲ್ಲದವರ ಪಕ್ಕದಲ್ಲಿ ಕುಳಿತು ಒಂದು ಕಥೆಯನ್ನು ನೋಡುವುದು ಬರಿಯ ಅನುಕೂಲದ ಮಾತೋ, ಇಲ್ಲವೆ ಅದರಲ್ಲಿ ಒಂದು ಋಣವೂ ಸೇರಿಕೊಂಡಿದೆಯೋ?

ವಿಚಾರಕ್ಕೆ ಒಂದು ಉದಾಹರಣೆ ಬೇಕು. ಅದು ದೂರದ ಊರಿನದಾದರೂ ಅಡ್ಡಿಯಿಲ್ಲ, ಅದರ ಕಥೆ ಮೊದಲಿನಿಂದ ಕೊನೆಯವರೆಗೆ ನಡೆದು ಮುಗಿದಿದೆ. ಕೆನಡಾದ ಟೊರಾಂಟೊ ನಗರದಲ್ಲಿ ಈಟನ್ ಸೆಂಟರ್ ಎಂಬ ದೊಡ್ಡ ಮಾಲ್ ಇದೆ. ಅಲ್ಲಿ 1979ರಲ್ಲಿ ಸಿನೆಪ್ಲೆಕ್ಸ್ ಎಂಬ ಚಿತ್ರಮಂದಿರ ತೆರೆಯಿತು. ಒಂದೇ ಸೂರಿನಡಿ 18 ಪರದೆಗಳು! ಅಷ್ಟು ಪರದೆಗಳ ಚಿತ್ರಮಂದಿರ ಆಗ ಬೇರೆಲ್ಲಿಯೂ ಇರಲಿಲ್ಲ. ಅದನ್ನು ಕಟ್ಟಿದವರು ನ್ಯಾಟ್ ಟೇಲರ್ ಮತ್ತು ಗಾರ್ತ್ ಡ್ರಾಬಿನ್ಸ್ಕಿ. ಹಾಲುಗಳು ಬಹಳ ಚಿಕ್ಕವು. ಕೆಲವಕ್ಕೆ ನೂರು ಜನ ಹಿಡಿಸುತ್ತಿರಲಿಲ್ಲ. ಹೊಸ ಹಾಲಿವುಡ್ ಚಿತ್ರಗಳೆಲ್ಲ ಹಳೆಯ ದೊಡ್ಡ ಕಂಪನಿಗಳ ಕೈಯಲ್ಲಿದ್ದುದರಿಂದ ಇಲ್ಲಿಗೆ ಬಂದವು ಪರದೇಶದ ಚಿತ್ರಗಳು, ಬೇರೆಡೆ ಓಡಿ ಮುಗಿಸಿದ ಚಿತ್ರಗಳು. ಸಾವಿರ ಆಸನದ ಮಂದಿರದಲ್ಲಿ ಎಂಬತ್ತು ಜನ ರಸಿಕರಿಗಾಗಿ ಆಟ ನಡೆಸಿದರೆ ಮಾಲಿಕನಿಗೆ ನಷ್ಟ. ಎಂಬತ್ತು ಆಸನದ ಹಾಲಿನಲ್ಲಿ ಅದೇ ಆಟ 'ಹೌಸ್‌ಫುಲ್'. ಈ ಲೆಕ್ಕದಲ್ಲಿ ಜಾಣತನವೂ ಇತ್ತು, ನ್ಯಾಯವೂ ಇತ್ತು.

ಮುಂದೆ ಕಂಪನಿ ಬೆಳೆಯಿತು. ಹೊಸ ಚಿತ್ರಗಳೂ ದೊರೆತವು. 1984ರಲ್ಲಿ ಅದು ಓಡಿಯನ್ ಎಂಬ ದೊಡ್ಡ ಕಂಪನಿಯನ್ನೇ ಕೊಂಡುಕೊಂಡಿತು. ಆದರೆ 1990ರ ದಶಕದಲ್ಲಿ ಇನ್ನೂ ದೊಡ್ಡ ಪರದೆ, ಮೆಟ್ಟಿಲು ಮೆಟ್ಟಿಲಾಗಿ ಏರುವ ಮೆತ್ತನೆಯ ಆಸನಗಳಿರುವ ಮಂದಿರಗಳು ಬಂದವು. ಅವುಗಳ ಮುಂದೆ ಈ ಪುಟ್ಟ ಹಾಲುಗಳು ಬೆಂಕಿಪೊಟ್ಟಣದಂತೆ ಕಂಡವು. 2001ರಲ್ಲಿ ಬಾಗಿಲು ಮುಚ್ಚಿತು. ಒಟ್ಟು ಆಯುಷ್ಯ 22 ವರ್ಷ.

ನಮ್ಮ ದೇಶಕ್ಕೆ ಈ ಪದ್ಧತಿ ಬಂದದ್ದು 1997ರಲ್ಲಿ. ದೆಹಲಿಯ ಸಾಕೇತ್‌ನಲ್ಲಿದ್ದ ಹಳೆಯ ಅನುಪಮ್ ಚಿತ್ರಮಂದಿರವೇ ನಾಲ್ಕು ಪರದೆಗಳ ಪಿವಿಆರ್ ಅನುಪಮ್ ಆಯಿತು. ಬಳಿಕ ಮಾಲ್‌ಗಳ ಕಾಲ. ಬೆಂಗಳೂರಿನ ಕೋರಮಂಗಲದ ಫೋರಮ್ ಮಾಲ್‌ನಲ್ಲಿ 11 ಪರದೆಗಳ ಮಂದಿರ 2004ರಲ್ಲಿ ಬಂತು. ಹೊರನಾಡಿನ ಕನ್ನಡಿಗರಾದ ನಾವು ಇದರಿಂದ ಪಡೆದ ಲಾಭವನ್ನು ಮರೆಯಬಾರದು. ಹಿಂದೆ ಒಂದು ಕನ್ನಡ ಚಿತ್ರ ನೋಡಬೇಕೆಂದರೆ ಸಂಘದವರು ಓಡಾಡಿ, ಚಿತ್ರಮಂದಿರ ಗೊತ್ತುಮಾಡಿ, ಮನೆಮನೆಗೆ ಟಿಕೆಟು ಮಾರಿ, ಭಾನುವಾರ ಬೆಳಗಿನ ಒಂದು ಆಟಕ್ಕೆ ಜನ ಕೂಡಿಸಬೇಕಿತ್ತು. ಚಿಕ್ಕ ಹಾಲು ಬಂದ ಮೇಲೆ ಕನ್ನಡಕ್ಕೂ ದಿನಕ್ಕೊಂದು ಆಟ ಸಿಗುವಂತಾಯಿತು. ಸ್ವಲ್ಪವೇ ಜನರಿರುವ ಭಾಷೆಗೆ ಚಿಕ್ಕ ಹಾಲು ಉಪಕಾರಿ.

ಇನ್ನು ಎದುರು ಪುಟದ ಲೆಕ್ಕ. ಹಳೆಯ ಚಿತ್ರಮಂದಿರ ಸಮಾನತೆಯ ಗುಡಿಯೇನೂ ಆಗಿರಲಿಲ್ಲ. ಗಾಂಧಿ ಕ್ಲಾಸಿನವನಿಗೆ ಮರದ ಬೆಂಚು, ಬಾಲ್ಕನಿಯವನಿಗೆ ಮೆತ್ತನೆಯ ಕುರ್ಚಿ. ಇಬ್ಬರ ಬಾಗಿಲೂ ಬೇರೆ. ಆದರೂ ಸೂರು ಒಂದೇ, ಕಥೆ ಒಂದೇ. ಮುಂದಿನ ಸಾಲಿನವನ ಶಿಳ್ಳೆ ಮೇಲಿನವನಿಗೂ ಕೇಳಿಸುತ್ತಿತ್ತು. ನಗೆ ಎದ್ದರೆ ಇಡೀ ಮಂದಿರದಲ್ಲಿ ಏಳುತ್ತಿತ್ತು. ಮಾಲ್ ಈ ಗಾಂಧಿ ಕ್ಲಾಸನ್ನೇ ತೆಗೆದುಹಾಕಿತು. ಅಂಗಡಿಗಳನ್ನೆಲ್ಲ ಹಾದು ಹೋಗಲೆಂದು ಚಿತ್ರಮಂದಿರವನ್ನು ಸಾಮಾನ್ಯವಾಗಿ ಮೇಲಿನ ಅಂತಸ್ತಿನಲ್ಲಿ ಇಟ್ಟರು. ಟಿಕೆಟಿನ ಜೊತೆಗೆ ತಿಂಡಿಯ ವ್ಯಾಪಾರವೂ ದೊಡ್ಡ ಆದಾಯವಾಯಿತು. ಹೊರಗಿನ ತಿಂಡಿಯನ್ನು ತಡೆಯುವ ಹಕ್ಕು ಮಾಲಿಕರಿಗೆ ಉಂಟು, ಆದರೆ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು ಎಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು. ನೀರು ಕೊಡಿ ಎಂದು ನ್ಯಾಯಾಲಯ ಹೇಳಬೇಕಾಯಿತಲ್ಲ, ಅದನ್ನು ಯೋಚಿಸಬೇಕು. ಕರ್ನಾಟಕ ಸರಕಾರ 2017ರಲ್ಲಿ ಟಿಕೆಟಿಗೆ 200 ರೂಪಾಯಿಯ ಮಿತಿ ಹಾಕಿತು. 2025ರಲ್ಲಿ ಮತ್ತೆ ಅಂಥದೇ ನಿಯಮ ಮಾಡಿತು. ಅದಕ್ಕೆ ಹೈಕೋರ್ಟು ತಡೆ ಕೊಟ್ಟಿತು. ಜಗಳ ದರದ್ದೆಂದು ಕಾಣುತ್ತದೆ. ಅದರ ಕೆಳಗಿರುವ ಪ್ರಶ್ನೆ ಬೇರೆ: ಯಾರು ಯಾರ ಪಕ್ಕದಲ್ಲಿ ಕೂರಬಹುದು?

ಇಲ್ಲಿ ನಾವು ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಅಭಿರುಚಿಗೆ ತಕ್ಕಂತೆ ಪ್ರೇಕ್ಷಕರನ್ನು ಬೇರೆ ಬೇರೆ ಹಾಲಿಗೆ ಕಳುಹಿಸುವುದರಲ್ಲಿ ತಪ್ಪಿಲ್ಲ. ಅದರಿಂದ ಚಿಕ್ಕವನಿಗೂ ಜಾಗ ಸಿಗುತ್ತದೆ. ಜೇಬಿಗೆ ತಕ್ಕಂತೆ ಮನುಷ್ಯರನ್ನು ಬಾಗಿಲಿನಲ್ಲೇ ಜಾಲಿಸುವುದು ಬೇರೆ ಮಾತು. ಮಾಲ್‌ನ ಚಿತ್ರಮಂದಿರ ಮೊದಲನೆಯದನ್ನು ತೋರಿಸಿ ಎರಡನೆಯದನ್ನೂ ಮಾರಿತು, ನಾವು ಸಂತೋಷದಿಂದಲೇ ಕೊಂಡೆವು. ಗಲಾಟೆಯಿಲ್ಲ, ಬೀಡಿಯ ಹೊಗೆಯಿಲ್ಲ, ಬರುವವರೆಲ್ಲ 'ನಮ್ಮಂಥವರು' ಎಂದು ಹೊಗಳಿದೆವು.

ಆದರೆ ನಮ್ಮಂಥವರ ನಡುವೆಯೇ ಇರಬೇಕೆಂಬ ಆಸೆಗೆ ಕೊನೆ ಎಲ್ಲಿ? ನಮ್ಮಂಥವರಲ್ಲಿಯೂ ಪಕ್ಕದವರ ಫೋನು, ಹಿಂದಿನವರ ಮಾತು ಕಿರಿಕಿರಿಯೇ. ಎಲ್ಲರಿಗಿಂತ ನಮ್ಮಂಥವರೆಂದರೆ ನಾವೇ! 2020ರಲ್ಲಿ ಕೋವಿಡ್ ಬಂದು ಬಾಗಿಲು ಹಾಕಿಸಿತು. ಚಿತ್ರ ಮನೆಯ ಟಿವಿಗೇ ಬಂತು. ಬಾಗಿಲು ತೆರೆದ ಮೇಲೂ ಹಲವರು ಸೋಫಾ ಬಿಟ್ಟು ಏಳಲಿಲ್ಲ. ಪಿವಿಆರ್ ಮತ್ತು ಐನಾಕ್ಸ್ ಕಂಪನಿಗಳು 2023ರಲ್ಲಿ ಒಂದಾದವು. ಅದೇ ವರ್ಷ ಆ ಕಂಪನಿ ನಷ್ಟದ ಸುಮಾರು 50 ಪರದೆಗಳನ್ನು ಮುಚ್ಚುವುದಾಗಿ ಹೇಳಿತು. ಅವುಗಳಲ್ಲಿ ಹಲವು ಇದ್ದ ಮಾಲ್‌ಗಳ ಆಯುಷ್ಯವೇ ಮುಗಿದಿದೆ ಎಂಬುದು ಅದು ಕೊಟ್ಟ ಕಾರಣ. ಮರ ಒಣಗಿದರೆ ಬಳ್ಳಿಯೂ ಒಣಗಬೇಕಲ್ಲವೆ? ಏಳಿಗೆಗೆ ಕಾರಣವಾದ ನಮ್ಮ ಬಯಕೆಯೇ ಬೀಳುವುದಕ್ಕೂ ಕಾರಣವಾಯಿತೆಂದು ನಮಗೆ ತೋರುತ್ತದೆ.

ಮೊಣಕಾಲು ನೋವಿನ ಹಿರಿಯರಿಗೆ, ಕೈಗೂಸಿನ ತಾಯಿಗೆ ಮನೆಯಲ್ಲೇ ಚಿತ್ರ ಸಿಗುವುದು ವರವಲ್ಲವೆ ಎಂದು ಯಾರಾದರೂ ಕೇಳಬಹುದು. ವರವೇ ಸರಿ. ಟಿಕೆಟು ಕೊಂಡು ವ್ಯಾಪಾರಿಯನ್ನು ಬದುಕಿಸುವ ಹೊಣೆಯೂ ಯಾರ ಮೇಲೂ ಇಲ್ಲ; ಕಟ್ಟಡಕ್ಕೆ ನಾವು ಋಣಿಗಳಲ್ಲ. ಋಣವಿರುವುದು ಪಕ್ಕದಲ್ಲಿ ಕೂರುತ್ತಿದ್ದ ಮನುಷ್ಯನಿಗೆ. ಅವನು ನಕ್ಕಾಗ ನಾವೂ ನಕ್ಕಿದ್ದೆವು. ಅವನು ಕಣ್ಣೊರೆಸಿಕೊಂಡಾಗ ನಮಗೂ ಧೈರ್ಯ ಬಂದಿತ್ತು. ಅವನು ಬರಲಾರದ ಜಾಗವನ್ನು ನಾವು ಮೆಚ್ಚಿಕೊಂಡದ್ದು ನಮಗೆ ಕೊಂಚವಾದರೂ ಚುಚ್ಚಬೇಕು.

ಈ ಋಣವನ್ನು ತೀರಿಸುವ ದಾರಿಗಳು ದೊಡ್ಡವೇನಲ್ಲ. ನಮ್ಮ ಸಂಘಗಳು ಚಿತ್ರ ತೋರಿಸುವಾಗ, ನಾಟಕ ಆಡಿಸುವಾಗ ಅತಿ ಕಡಮೆ ದರದ ಟಿಕೆಟು ಎಷ್ಟೆಂಬುದನ್ನು ಮೊದಲು ಗೊತ್ತುಮಾಡಲಿ. ಹೋಟೆಲಿನಲ್ಲಿ ದುಡಿಯುವ ಹುಡುಗನೂ ಬ್ಯಾಂಕಿನ ಅಧಿಕಾರಿಯೂ ಒಂದೇ ಸಾಲಿನಲ್ಲಿ ಕೂರುವಂತಾಗಲಿ. ಮುಂದಿನ ಸಾಲುಗಳನ್ನು ಗಣ್ಯರಿಗೆಂದು ಹಗ್ಗ ಕಟ್ಟಿ ಕಾದಿರಿಸುವುದನ್ನು ನಾವೇ ಮೊದಲು ಬಿಟ್ಟರೆ, ಮಾಲ್‌ನವರನ್ನು ದೂರುವ ಅಧಿಕಾರ ನಮಗೆ ಬಂದೀತು.