ದಾರಿಯಲ್ಲಿ ಸಿಕ್ಕಿದ್ದು

ಒಂದು ವಿಷಯವನ್ನು ನಾವು ಅರಿಯಲು ಹೊರಡುವುದು ಅದು ಮುಖ್ಯ ಎಂಬ ಕಾರಣಕ್ಕೋ, ಕೈಗೆಟುಕುತ್ತದೆ ಎಂಬ ಕಾರಣಕ್ಕೋ? ನ್ಯೂ ಹೊರೈಜನ್ಸ್ ನೌಕೆಯ ಕತೆ ಓದಿದಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

2006ರ ಜನವರಿಯಲ್ಲಿ ನಾಸಾ ಈ ನೌಕೆಯನ್ನು ಪ್ಲೂಟೋ ಕಡೆಗೆ ಹಾರಿಸಿತು. ಪ್ಲೂಟೋ ದಾಟಿದ ಮೇಲೆ ಕೈಪರ್ ಪಟ್ಟಿಯ ಇನ್ನೊಂದು ಕಾಯವನ್ನೂ ನೋಡುವ ಆಸೆಯಿತ್ತು. ಅದು ಯಾವುದೆಂದು ಹೊರಡುವಾಗ ಯಾರಿಗೂ ಗೊತ್ತಿರಲಿಲ್ಲ. 2011ರಿಂದ ಹವಾಯಿಯ ಸುಬಾರು, ಚಿಲಿಯ ಮೆಜೆಲನ್ ದೂರದರ್ಶಕಗಳು ಹುಡುಕಿದವು. ಹುಡುಕಬೇಕಿದ್ದ ದಿಕ್ಕಿನಲ್ಲೇ ಧನು ರಾಶಿ. ಕ್ಷೀರಪಥದ ನಡುಭಾಗದ ನಕ್ಷತ್ರಗಳ ಸಂತೆ. ಆ ಸಂತೆಯಲ್ಲಿ ಮೆಲ್ಲಗೆ ಸರಿಯುವ ಒಂದು ಮಸುಕು ಚುಕ್ಕೆಯನ್ನು ಗುರುತಿಸಬೇಕು. ಹೊಸ ಕಾಯಗಳು ಹತ್ತಾರು ಸಿಕ್ಕವು. ಉಳಿದ ಇಂಧನದಲ್ಲಿ ತಲುಪಬಹುದಾದದ್ದು ಒಂದೂ ಇರಲಿಲ್ಲ.

2014ರಲ್ಲಿ ಹಬಲ್ ದೂರದರ್ಶಕದ ಕಣ್ಣಿಗೆ ಅಂಥ ಕೆಲವು ಬಿದ್ದವು. ಅವುಗಳಲ್ಲಿ ಹೆಚ್ಚು ಪ್ರಕಾಶಮಾನವಾದದ್ದನ್ನು ಬಿಟ್ಟು, ಕಡಿಮೆ ಇಂಧನ ಬೇಡುವುದನ್ನು ಆರಿಸಿದರು. ಸೆಕೆಂಡಿಗೆ ಸುಮಾರು 14 ಕಿಲೋಮೀಟರ್ ಓಡುವ ನೌಕೆ ಅದಕ್ಕಾಗಿ ಮಾಡಿಕೊಂಡ ವೇಗದ ಬದಲಾವಣೆ ಸೆಕೆಂಡಿಗೆ ಸುಮಾರು 57 ಮೀಟರ್ ಮಾತ್ರ. 2019ರ ಜನವರಿ 1ರಂದು ಅದು ಆ ಕಾಯದ ಪಕ್ಕದಲ್ಲೇ ಹಾದುಹೋಯಿತು. ಇಂದು ಅದರ ಹೆಸರು ಅರೋಕಾತ್. ಸುಮಾರು 36 ಕಿಲೋಮೀಟರ್ ಉದ್ದ. ಎರಡು ಉಂಡೆಗಳು ಅಪ್ಪಳಿಸದೆ, ಮೆತ್ತಗೆ ಕೂಡಿಕೊಂಡಂಥ ರೂಪ. ಗ್ರಹಗಳು ಹುಟ್ಟುವ ಬಗೆಗೆ ಅದೊಂದು ದೊಡ್ಡ ಸುಳಿವು.

ಹಾಗಾದರೆ ಆಯ್ಕೆ ಸರಿಯಾಗಿತ್ತು ಎನ್ನೋಣವೇ? ಫಲ ಚೆನ್ನಾಗಿದ್ದ ಮಾತ್ರಕ್ಕೆ ಹಾಗೆನ್ನಲಾಗದು. ಬಿಟ್ಟ ಕಾಯ ಏನು ಹೇಳುತ್ತಿತ್ತೋ ನಾವು ಕೇಳಿಯೇ ಇಲ್ಲ. ಆದರೂ ಎಟುಕುವುದನ್ನು ಆರಿಸುವುದರಲ್ಲಿ ಅನೈತಿಕವಾದದ್ದೇನೂ ನನಗೆ ಕಾಣುವುದಿಲ್ಲ. ಆಗದ್ದನ್ನು ಮಾಡೆಂದು ಯಾವ ಧರ್ಮವೂ ಕೇಳಲಾರದು. ಕೆಡುಕು ಶುರುವಾಗುವುದು ಆಮೇಲೆ: ಸಿಕ್ಕಿದ್ದನ್ನೇ ಶ್ರೇಷ್ಠವೆಂದೂ ಸಿಗದಿದ್ದನ್ನು ಅಲ್ಪವೆಂದೂ ಸಾರಿದಾಗ.

ಪಿಎಚ್.ಡಿ. ಮಾಡುವ ನಮಗೆ ಇದು ಚೆನ್ನಾಗಿ ಗೊತ್ತಿರಬೇಕು. ಫೆಲೋಶಿಪ್ಪಿನ ಅವಧಿ, ಓದಬಲ್ಲ ಭಾಷೆ, ಬಸ್ಸು ಹೋಗುವ ಊರು, ಬಾಗಿಲು ತೆರೆಯುವ ಗ್ರಂಥಾಲಯ, ಇವೇ ನಮ್ಮ ಇಂಧನ. ವಿಷಯ ಆರಿಸುವಾಗ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಪ್ರಬಂಧದ ಮುನ್ನುಡಿ ಬರೆಯುವಾಗ ಮಾತ್ರ ಮಾಯವಾಗುತ್ತವೆ. ದಾಖಲೆ ಬಿಟ್ಟುಹೋದವರ ಚರಿತ್ರೆ ಹೀಗೆಯೇ ಎಲ್ಲರ ಚರಿತ್ರೆಯಾಗುತ್ತದೆ. ಅಕ್ಷರವಿಲ್ಲದವರು ಮುಖ್ಯರಲ್ಲವೆಂದು ಯಾರೂ ತೀರ್ಮಾನಿಸಿರುವುದಿಲ್ಲ. ಅವರು ನಮ್ಮ ದಾರಿಯಲ್ಲಿ ಸಿಗಲಿಲ್ಲ, ಅಷ್ಟೆ. ಅದನ್ನು ಹೇಳದೆ ಉಳಿದರೆ ಅವರು ಇರಲೇ ಇಲ್ಲವೆಂದಂತೆ.

ನ್ಯೂ ಹೊರೈಜನ್ಸ್ ತಾನು ತಲುಪಲಾರದ ಹತ್ತಾರು ಕಾಯಗಳನ್ನೂ ದೂರದಿಂದಲೇ ಗಮನಿಸಿದೆ. ಚಿತ್ರದಲ್ಲಿ ಅವು ಬರೀ ಬೆಳಕಿನ ಚುಕ್ಕೆಗಳು. ಆದರೂ ಅವಕ್ಕೆ ದಾಖಲೆಯಲ್ಲಿ ಜಾಗವಿದೆ. ನಮ್ಮ ಪ್ರಬಂಧಗಳಲ್ಲೂ ಅಷ್ಟು ಜಾಗ ಇರಲಿ ಎಂಬುದು ನನ್ನ ಆಸೆ.