ಅಮಲಿಗೆ ಬಿದ್ದ ಬಾಲಕನಿಗಾಗಿ ಉತ್ತರ ಕೊಡತಕ್ಕವರು ಯಾರು?

ಆಫ್ರಿಕಾ ಖಂಡದ ಪಶ್ಚಿಮ ತೀರದಲ್ಲಿ ಸಿಯೆರಾ ಲಿಯೋನ್ ಎಂಬ ಚಿಕ್ಕ ದೇಶವುಂಟು. ಅಲ್ಲಿ 1991ರಲ್ಲಿ ಆರಂಭವಾದ ಒಳಯುದ್ಧವು 2002ರಲ್ಲಿ ಮುಗಿಯಿತು. ಆ ಯುದ್ಧದಲ್ಲಿ ದಂಡಿನವರು ಸಾವಿರಾರು ಮಕ್ಕಳನ್ನು ಎಳೆದೊಯ್ದು ಅವರ ಕೈಗೆ ಕೋವಿಗಳನ್ನು ಕೊಟ್ಟರು. ಭಯವೂ ಕನಿಕರವೂ ಅಡಗಲೆಂದು ಅನೇಕ ಮಕ್ಕಳಿಗೆ ಗಾಂಜಾ, ಕೊಕೇನು ಮೊದಲಾದವುಗಳನ್ನು ಬಲಾತ್ಕಾರದಿಂದ ಕೊಟ್ಟರು.

ತರುವಾಯ ಅಲ್ಲಿ ಒಂದು ವಿಶೇಷ ನ್ಯಾಯಸ್ಥಾನವು ಏರ್ಪಟ್ಟಿತು. 15 ವರುಷ ತುಂಬಿದವರನ್ನು ವಿಚಾರಿಸುವ ಅಧಿಕಾರವು ಅದಕ್ಕೆ ಇದ್ದಾಗ್ಯೂ, 18ಕ್ಕೆ ಕಡಿಮೆ ಪ್ರಾಯದಲ್ಲಿ ತಪ್ಪುಮಾಡಿದ ಒಬ್ಬನ ಮೇಲಾದರೂ ಮೊಕದ್ದಮೆ ನಡೆಯಲಿಲ್ಲ. ಮಕ್ಕಳನ್ನು ದಂಡಿಗೆ ಸೇರಿಸಿದ ಹಿರಿಯರೇ 2007ರಲ್ಲಿ ಅಪರಾಧಿಗಳೆಂದು ತೀರ್ಮಾನವಾಯಿತು.

ಈಗ ಅಲ್ಲಿ ಶಾಲೆಗೆ ಹೋಗುವ ಮಕ್ಕಳು ಯುದ್ಧವು ನಿಂತ ಮೇಲೆ ಹುಟ್ಟಿದವರು. ಆದರೂ ಕುಶ್ ಎಂಬ, ಅಲ್ಪ ಬೆಲೆಗೆ ಸಿಕ್ಕುವ ಸೇದುವ ಅಮಲು ಯೌವನಸ್ಥರಲ್ಲಿ ಹಬ್ಬಿತು. ಅಫೀಮಿಗಿಂತ ಬಹಳ ಬಲವಾದ ನೈಟಾಜೀನ್ ಎಂಬ ವಿಷಗಳು ಅದರಲ್ಲಿರುವದು ಪರೀಕ್ಷೆಯಿಂದ ತಿಳಿದುಬಂತು. 2024ರ ಏಪ್ರಿಲಿನಲ್ಲಿ ಅಧ್ಯಕ್ಷರಾದ ಜೂಲಿಯಸ್ ಮಾಡಾ ಬಿಯೋರವರು ಇದರ ನಿಮಿತ್ತ ರಾಷ್ಟ್ರೀಯ ತುರ್ತುಸ್ಥಿತಿಯನ್ನು ಸಾರಿದರು.

“ಅಂದಿನ ಮಗುವಿಗೆ ಬಲಾತ್ಕಾರವಾಯಿತು, ಇಂದಿನವನು ತಾನೇ ಕೈಚಾಚುತ್ತಾನೆ, ಆದದರಿಂದ ತಪ್ಪೆಲ್ಲಾ ಅವನದೇ” ಎಂದು ಕೆಲವರು ಹೇಳಬಹುದು. ಇದು ನಮಗೆ ನ್ಯಾಯವಾಗಿ ತೋರುವದಿಲ್ಲ. ಯುದ್ಧವು ಶಾಲೆಗಳನ್ನು ಸುಟ್ಟಿತು, ಕುಟುಂಬಗಳನ್ನು ಚದರಿಸಿತು. 2014ರಲ್ಲಿ ಎಬೋಲಾ ರೋಗವು ಬಂದಾಗ ಶಾಲೆಗಳು ಪುನಃ ಅನೇಕ ತಿಂಗಳು ಮುಚ್ಚಿದವು. ಓದು ಮುಗಿಸಿದವನಿಗೂ ಕೆಲಸವು ದುರ್ಲಭ. ಇಂಥ ಮನಗುಂದಿದ ಹುಡುಗನನ್ನೇ ಮಾರುವವನು ಹುಡುಕುತ್ತಾನೆ. ಹೀಗಿರಲಾಗಿ, ಕೈಚಾಚಿದವನನ್ನು ಮಾತ್ರ ಜರೆದು, ಮಾರಿದವನನ್ನೂ ನೋಡಿ ಸುಮ್ಮನಿದ್ದವರನ್ನೂ ಬಿಟ್ಟುಬಿಡುವದು ಹೇಗೆ?

ಬೇರೆ ಕೆಲವರು, “ಹುಡುಗನಲ್ಲಿ ತಪ್ಪೇನೂ ಇಲ್ಲ” ಅನ್ನುವರು. ಇದು ದಯೆಯ ಮಾತಿನಂತಿದ್ದರೂ ನಾವು ಒಪ್ಪಲಾರೆವು. ಬೀಳುವದರಲ್ಲಿ ನಿನಗೆ ಪಾಲೇ ಇಲ್ಲವೆಂದು ಒಬ್ಬನಿಗೆ ಕಲಿಸಿದರೆ, ಏಳುವದರಲ್ಲಿಯೂ ತನಗೆ ಪಾಲಿಲ್ಲವೆಂದು ಅವನು ತಿಳುಕೊಳ್ಳುವನು.

ಆದಕಾರಣ ಹುಡುಗನಿಗೆ, “ಏಳು, ಅದು ನಿನ್ನಿಂದಾಗುವದು” ಎಂದು ಹೇಳಬೇಕು. ಹಿರಿಯರು ಬೊಗ್ಗಿ ಅವನ ಕೈ ಹಿಡಿಯಬೇಕು. ಆ ದೇಶದಲ್ಲಿ 2024ರಲ್ಲಿ, ಸೈನಿಕರನ್ನು ತರಬೇತು ಮಾಡುವ ಒಂದು ಸ್ಥಳದಲ್ಲಿಯೇ, ಅಮಲು ಬಿಡಿಸುವ ಚಿಕಿತ್ಸಾಲಯವನ್ನು ತೆರೆದರು. ಹಾಸಿಗೆಗಳು ಸುಮಾರು 100. ಅಗತ್ಯವೋ ಅದಕ್ಕಿಂತ ಎಷ್ಟೋ ಹೆಚ್ಚು. ಆದರೂ ಕೆಲಸವು ಸರಿಯಾದ ಕಡೆಯಿಂದ ಆರಂಭವಾಯಿತೆಂದು ನಾವು ನೆನಸುತ್ತೇವೆ. ಯುದ್ಧಕಾಲದ ಮಕ್ಕಳಿಗಾಗಿ ಹಿರಿಯರು ಉತ್ತರ ಕೊಡಬೇಕಾಯಿತು. ಸಮಾಧಾನಕಾಲದ ಮಕ್ಕಳಿಗಾಗಿಯೂ ಅವರೇ ಮೊದಲು ಉತ್ತರ ಕೊಡತಕ್ಕವರು.